ದ್ರಾಕ್ಷಾಯಣಿ ಅಕ್ಕ ನೆಲದಿಂದ ಎದ್ದದ್ದು

ಮೊದಲೇ ಹೇಳಿಬಿಡುತ್ತೇನೆ, ನಾನು ಮುಂಗೋಪಿ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ದಿನವಿಡೀ ನಗುನಗುತ್ತಾ ಮಾತ್ರೆ ಕೊಡುವವಳಿಗೆ ಮನೆಗೆ ಬಂದರೆ ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆ ಎಂದು ನನ್ನ ಗಂಡ ವಿವೇಕ್ ಕೇಳುತ್ತಾನೆ. ಕೇಳಲಿ. ಈ ಸಂಗತಿ ಹೇಳುವಾಗ ಮಾತ್ರ ನನಗೆ ಸಿಟ್ಟಿಗಿಂತ ಖುಷಿಯೇ ಜಾಸ್ತಿ, ಕುಣಿದುಬಿಡೋಣ ಅನ್ನಿಸುವಷ್ಟು ಖುಷಿ. ಗಿರಾಕಿಗಳ ವಿಷಯ ಹೊರಗೆ ಹೇಳಬಾರದು, ನನಗೂ ಗೊತ್ತು. ಅದಕ್ಕೇ ದ್ರಾಕ್ಷಾಯಣಿ ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿಯವಾ ಅನನ್ಯಾ, ನನ್ನ ತೂಕಾನೂ ಬರಿ. ಮುಚ್ಚಿಡಾಕ ಅದೇನ್ ಬಂಗಾರ ಏನ್?" ಎಂದರು.

ಅಕ್ಕ ಗದಗ ಕಡೆಯವರು, ಐವತ್ತಾರು ವರ್ಷ. ಗಂಡ ಮನೋಹರ ಇಲ್ಲೇ, ನಾವೆಲ್ಲ ಪರದೇಶಕ್ಕೆ ಬಂದು ನೆಲೆಸಿರುವ ಲೋವರ್ ಹಟ್ ಊರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಅಕ್ಕ ನಮ್ಮ ಬೀದಿಯ ಶಿಶುವಿಹಾರದಲ್ಲಿ ಒಂಬತ್ತು ವರ್ಷದಿಂದ ಸಹಾಯಕ ಟೀಚರ್. ನನ್ನ ನಾಲ್ಕು ವರ್ಷದ ಮಗಳು ಮಾನ್ಯ ಹೋಗುವುದೂ ಅಲ್ಲಿಗೇ. ಬೆಳಗ್ಗೆ ಹತ್ತೂವರೆಗೆ ಮಕ್ಕಳೆಲ್ಲ ಚಾಪೆಯ ಮೇಲೆ ಕೂತು ಕಥೆ ಕೇಳುವ ಹೊತ್ತು ಅಕ್ಕನದು. ಇಲ್ಲಿಯ ಮೂಲನಿವಾಸಿ ಮಾವೊರಿ ಮಕ್ಕಳು, ಸಮೋವಾ ದ್ವೀಪದ ಮಕ್ಕಳು, ನಮ್ಮ ಮಾನ್ಯ, ಎಲ್ಲರಿಗೂ ಅವರ ಮಡಿಲೇ ಬೇಕು. ಅದಕ್ಕಾಗಿ ದಿನವೂ ಜಗಳ. ಆದರೆ ಎರಡು ವರ್ಷದಿಂದ ಅಕ್ಕ ಚಾಪೆಯ ಮೇಲೆ ಕೂರುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂರುತ್ತಿದ್ದರು. ಮಂಡಿ ಸವೆದಿತ್ತು, ಸಕ್ಕರೆ ಕಾಯಿಲೆ ಇತ್ತು, ತೂಕ ತೊಂಬತ್ತೆಂಟು ಕೆಜಿ.

ನಾವಿರುವ ಈ ಊರಿನಲ್ಲಿ ನೆಲ ಆಗಾಗ ನಡುಗುತ್ತದೆ. ಆದ್ದರಿಂದ ಶಿಶುವಿಹಾರದಲ್ಲೂ ಭೂಕಂಪದ ಡ್ರಿಲ್ ನಡೆಯುತ್ತದೆ. ಗಂಟೆ ಬಾರಿಸಿದ ಕೂಡಲೇ ಮಕ್ಕಳು, ಟೀಚರ್‌ಗಳು ಎಲ್ಲರೂ ಮೇಜಿನಡಿ ನುಗ್ಗಿ ತಲೆ ಮುಚ್ಚಿಕೊಂಡು ಕೂರಬೇಕು. ಮಾರ್ಚ್ ತಿಂಗಳ ಡ್ರಿಲ್‌ನಲ್ಲಿ ಅಕ್ಕ ಹೇಗೋ ಕೆಳಗಿಳಿದರು. ಏಳಲು ಮಾತ್ರ ಆಗಲಿಲ್ಲ. ಇಬ್ಬರು ಟೀಚರ್‌ಗಳು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಮಕ್ಕಳು ಅದೂ ಒಂದು ಆಟ ಎಂದುಕೊಂಡು ಚಪ್ಪಾಳೆ ತಟ್ಟಿದವು. ಹೆಡ್ ಟೀಚರ್ ಫಿಯೋನಾ ಒಳ್ಳೆಯ ಹೆಂಗಸು, ಆದರೂ ಅವತ್ತು ಸಂಜೆ ಅಕ್ಕನನ್ನು ಕೂರಿಸಿಕೊಂಡು ಹೇಳಲೇಬೇಕಾಯಿತು: ಅಕ್ಟೋಬರ್ ಡ್ರಿಲ್ ಹೊತ್ತಿಗೆ ಯಾರ ಸಹಾಯವೂ ಇಲ್ಲದೆ ನೆಲದಿಂದ ಏಳಲಾಗದಿದ್ದರೆ ಮಕ್ಕಳ ಕೋಣೆಯ ಕೆಲಸ ಇಲ್ಲ, ಆಫೀಸಿನ ಕೆಲಸ.

"ಮಕ್ಕಳ್ನ ಬಿಟ್ಟು ಕಾಗದದ ಜೋಡಿ ಏನ್ ಮಾತಾಡ್ಲಿ ನಾ?" ಎಂದು ಅಕ್ಕ ನಮ್ಮ ಅಂಗಡಿಯಲ್ಲಿ ನಿಂತು ಕಣ್ಣೀರು ಹಾಕಿದರು. ಕೈಯಲ್ಲಿ ಡಾಕ್ಟರ ಚೀಟಿ. ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್. "ಇದರ ಗುಣಾನೂ ಹೇಳ, ಅವಗುಣಾನೂ ಹೇಳ. ಬಂಗಾರ ತಗೊಳ್ಳೂವಾಗ ಒರಿಗಿ ಹಚ್ಚಿ ನೋಡ್ತೀವಲ್ಲ, ಹಂಗ ನೋಡೂಣು."

ಹೇಳಿದೆ. ಹಸಿವು ಇಳಿಯುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಹಿಡಿತಕ್ಕೆ ಬರುತ್ತದೆ, ಮಂಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ. ಆದರೆ ವಾಕರಿಕೆ ಬರಬಹುದು, ಮಲಬದ್ಧತೆ ಆಗಬಹುದು, ಪಿತ್ತಕೋಶದಲ್ಲಿ ಕಲ್ಲಾಗಬಹುದು. ಅಪರೂಪಕ್ಕೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದೂ ಉಂಟು. ಹೊಟ್ಟೆಯಲ್ಲಿ ತಡೆಯಲಾರದಷ್ಟು ನೋವು ಬಂದರೆ ಕಾಯದೆ ಆಸ್ಪತ್ರೆಗೆ ಓಡಬೇಕು. ಇಂಜೆಕ್ಷನ್ ಬಿಟ್ಟರೆ ತೂಕ ಮರಳಿ ಬರುವುದೇ ಹೆಚ್ಚು. ಇಷ್ಟಾಗಿ ಪೂರ್ತಿ ಖರ್ಚು ನಮ್ಮ ಕೈಯಿಂದಲೇ. ಕಂಪ್ಯೂಟರಿನಲ್ಲಿದ್ದ ಪ್ರಶ್ನೆಗಳನ್ನೂ ಒಂದೊಂದಾಗಿ ಕೇಳಿದೆ. ಅಕ್ಕ ಎಲ್ಲದಕ್ಕೂ ಇಲ್ಲ, ಇಲ್ಲ ಎಂದರು. ಆ ಪಟ್ಟಿಯಲ್ಲಿ ಇಲ್ಲದ ಒಂದು ಪ್ರಶ್ನೆ ಇತ್ತು. ಅದು ನನಗೆ ಹೊಳೆಯಲೇ ಇಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೆ!

ಮೇ ತಿಂಗಳಲ್ಲಿ ಶುರುವಾಯಿತು. ಮೊದಲ ಎರಡು ವಾರ ವಾಕರಿಕೆ. ಆಮೇಲೆ ನೋಡಿ ಮಜಾ! ಪ್ರತಿ ಭಾನುವಾರ ಬೆಳಗ್ಗೆ ನನ್ನ ಮೊಬೈಲಿಗೆ ತೂಕದ ಯಂತ್ರದ ಫೋಟೊ. ತೊಂಬತ್ತಾರು. ತೊಂಬತ್ತೈದು. ತೊಂಬತ್ತಮೂರೂವರೆ. ನಾನು ಹಾಸಿಗೆಯಿಂದಲೇ "ವಾವ್ ಅಕ್ಕ!" ಎಂದು ಕೂಗಿ ವಿವೇಕ್‌ನ ನಿದ್ದೆ ಕೆಡಿಸುತ್ತಿದ್ದೆ. ಕನ್ನಡ ಕೂಟದ ಹೆಂಗಸರು ಅವರನ್ನು ಮೂಲೆಗೆ ಎಳೆದುಕೊಂಡು ಹೋಗಿ "ಏನ್ರೀ ಗುಟ್ಟು?" ಎಂದು ಕೇಳತೊಡಗಿದರು. ಅಕ್ಕ ಕುಪ್ಪಸದ ಹೊಲಿಗೆ ಎರಡು ಸಲ ಒಳಗೆ ಹಿಡಿದರು. ಮನೋಹರ ಅವರ ಗೋಳು ಬೇರೆ. "ರೊಟ್ಟಿ ಬಡಿಯೂ ಸಪ್ಪಳಾನ ನಿಂತೈತ್ರಿ ಮನ್ಯಾಗ. ಇಂಜೆಕ್ಷನ್ ಅಕಿಗಿ, ತೆಳ್ಳಗಾಗಾಕ ಹತ್ತೇನಿ ನಾ!"

ಜೋಳ ತಿಂದವನು ತೋಳ, ಅಕ್ಕಿ ತಿಂದವನು ಹಕ್ಕಿ ಎಂದು ನನ್ನನ್ನು ವರ್ಷಗಟ್ಟಲೆ ಗೇಲಿ ಮಾಡಿದವರು ಅಕ್ಕ. ಈಗ ಅರ್ಧ ರೊಟ್ಟಿಗೇ ಸಾಕು ಎನ್ನುತ್ತಿದ್ದರು. ನಾನೂ ಹಿಗ್ಗುತ್ತಿದ್ದೆ. ಅರ್ಧ ರೊಟ್ಟಿಯ ಜೊತೆಗೆ ಇನ್ನೇನು ತಿನ್ನುತ್ತೀರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಆಗಸ್ಟ್‌ನ ಒಂದು ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಅಕ್ಕ ಮುಂದಿನ ತಿಂಗಳ ಇಂಜೆಕ್ಷನ್ ಒಯ್ಯಲು ಬಂದರು. ಎಂಬತ್ತೊಂಬತ್ತು ಕೆಜಿ ಎಂದು ಬಾಗಿಲಿನಿಂದಲೇ ಬೆರಳಲ್ಲಿ ತೋರಿಸುತ್ತಾ ಬಂದವರು ಕೌಂಟರಿನ ಹತ್ತಿರ ಬರುವಷ್ಟರಲ್ಲಿ ತಡಬಡಿಸಿದರು. ಹಣೆಯ ಮೇಲೆ ಬೆವರು, ಹೊರಗೆ ನೋಡಿದರೆ ಈ ದೇಶದ ಆಗಸ್ಟಿನ ಕೊರೆಯುವ ಚಳಿ. ಕೈ ನಡುಗುತ್ತಿತ್ತು. ನಾನು ಓಡಿಬಂದು ಕುರ್ಚಿಯಲ್ಲಿ ಕೂರಿಸಿದೆ, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದೆ. ಊರ ಕಡೆಯ ಲೆಕ್ಕದಲ್ಲಿ ಐವತ್ತಾರು, ಇಲ್ಲಿಯ ಅಳತೆಯಲ್ಲಿ ಮೂರು ಪಾಯಿಂಟ್ ಒಂದು. ನಾಲ್ಕಕ್ಕಿಂತ ಕೆಳಗೆ ಹೋಗಬಾರದು.

"ಏನು ತಿಂದಿದ್ದೀರಾ ಅಕ್ಕ?"

"ಇವತ್ತ ಏನೂ ಇಲ್ಲವಾ. ಶ್ರಾವಣ ಸೋಮವಾರ."

"ಸಕ್ಕರೆ ಮಾತ್ರೆ?"

"ಅದನ್ನ ತಗೊಂಡೇನಿ. ಅದ್ ಔಷಧ, ಅದನ್ಯಾಕ ಬಿಡ್ಲಿ?"

ನೋಡಿ, ಇದೇ ಆ ಪ್ರಶ್ನೆ. ಉಪವಾಸ ಮಾಡ್ತೀರಾ? ಪಿತ್ತಕೋಶ ಕೇಳಿದೆ, ಥೈರಾಯ್ಡ್ ಕೇಳಿದೆ, ಶ್ರಾವಣ ಕೇಳಲಿಲ್ಲ. ಹಸಿವು ಕೊಲ್ಲುವ ಇಂಜೆಕ್ಷನ್, ಸಕ್ಕರೆ ಇಳಿಸುವ ಮಾತ್ರೆ, ಅದರ ಮೇಲೆ ಖಾಲಿ ಹೊಟ್ಟೆ! ನನ್ನ ಮೇಲೆ ನನಗೇ ಉರಿಯಿತು. ಕಿತ್ತಳೆ ಜ್ಯೂಸಿನ ಬಾಟಲಿ ಬಿಚ್ಚಿ ಬಾಯಿಗೆ ಹಿಡಿದರೆ ಅಕ್ಕ ಮುಖ ತಿರುಗಿಸಿದರು.

"ಸಂಜೀ ಪೂಜಿ ಆಗೂತನಾ ಬ್ಯಾಡವಾ. ಮೂವತ್ ವರ್ಷದ ನೇಮ ಐತಿ."

ನಾನು ಕಿರುಚಿಬಿಟ್ಟೆ. ಅಂಗಡಿಯಲ್ಲಿದ್ದ ಬಿಳಿಯರೆಲ್ಲ ತಿರುಗಿ ನೋಡಿದರು. "ಕುಡೀರಿ ಅಕ್ಕ! ಶಿವ ಕೇಳಿದ್ರೆ ನನ್ನ ಹೆಸರು ಹೇಳಿ! ಪಾಪ ನನಗೇ ಬರಲಿ, ಮೊದ್ಲು ಕುಡೀರಿ!"

ಕುಡಿದರು. ಹದಿನೈದು ನಿಮಿಷಕ್ಕೆ ಸಕ್ಕರೆ ಮೇಲೆ ಬಂತು. ಬಣ್ಣ ಬಂದ ಮುಖದಲ್ಲಿ ಅಕ್ಕ ಮೆಲ್ಲಗೆ ಅಂದರು, "ಡಾಕ್ಟರಿಗೆ ಇದನ್ಯಾಕ ಹೇಳ್ಲಿ ಅಂತ ಬಿಟ್ಟಿದ್ದೆ. ಉಪವಾಸ ನನ್ನ, ಶಿವನ ನಡುವಿಂದು ಅಂತ ತಿಳಕೊಂಡಿದ್ದೆ." ಕೇಳದೇ ಇದ್ದವಳು ನಾನೇ.

ಅಂದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಸಕ್ಕರೆ ಮಾತ್ರೆ ನಿಲ್ಲಿಸಿದರು, ಇಂಜೆಕ್ಷನ್ ಪ್ರಮಾಣ ಒಂದು ಹಂತ ಇಳಿಸಿದರು. ಆಮೇಲೆ ಡ್ರಿಲ್‌ನ ಸಂಗತಿ ಕೇಳಿ, ನೆಲದ ಮೇಲೆ ಕೂತು ಎದ್ದು ತೋರಿಸಿ ಎಂದರು. ಅಕ್ಕ ಗತ್ತಿನಿಂದಲೇ ಕೂತರು. ಒಂಬತ್ತು ಕೆಜಿ ಇಳಿದಿದೆಯಲ್ಲ! ಎದ್ದೇಬಿಡುತ್ತೇನೆ ಎಂದು ನೆಲಕ್ಕೆ ಕೈ ಒತ್ತಿದರು. ಇನ್ನೊಮ್ಮೆ ಒತ್ತಿದರು. ಏಳಲು ಆಗಲೇ ಇಲ್ಲ. ಮಾರ್ಚ್‌ನಲ್ಲಿ ಹೇಗೋ ಹಾಗೇ. ಕೊಬ್ಬಿನ ಜೊತೆ ತೊಡೆಯ ಮಾಂಸಖಂಡವೂ ಕರಗಿದೆ ಎಂದರು ಡಾಕ್ಟರು. ಅರ್ಧ ರೊಟ್ಟಿ, ಒಂದು ಲೋಟ ಚಹಾ, ವ್ಯಾಯಾಮ ಸೊನ್ನೆ. ಇನ್ನೇನಾಗುತ್ತದೆ?

ಕಾರಿನಲ್ಲಿ ಅಕ್ಕ ಬಹಳ ಅತ್ತರು. "ಎಲ್ಲಾ ಬಿಟ್ಟಬಿಡ್ತೀನಿ ತಂಗಿ. ಕಾಗದದ ಜೋಡೀನ ಮಾತಾಡ್ತೀನಿ." ನನಗೆ ರೇಗಿತು. "ಬಿಡಿ, ಬಿಟ್ಬಿಡಿ! ಮಾನ್ಯಂಗೆ ನೀವೇ ಹೇಳಿ, ನಾಳೆಯಿಂದ ಮಡಿಲಿಲ್ಲ ಅಂತ!" ಎಂದೆ. ಅಕ್ಕ ಅಳು ನಿಲ್ಲಿಸಿ ನನ್ನನ್ನೇ ದಿಟ್ಟಿಸಿ ನೋಡಿದರು. ಇಳಿಯುವಾಗ ಕೇಳಿದರು, "ಊಟ ಬಲ್ಲವನಿಗೆ ರೋಗ ಇಲ್ಲ ಅಂತಾರ. ಅಂದ್ರ ಏನೇನ್ ತಿನ್ನಬೇಕು, ಹೇಳ."

ಮಡಕೆಕಾಳಿನ ಪಲ್ಯ, ಕಡಲೆಕಾಳಿನ ಉಸುಳಿ, ಗಟ್ಟಿ ಮೊಸರು, ಪನೀರು. ಮೊದಲು ಕಾಳು, ಆಮೇಲೆ ರೊಟ್ಟಿ. ಡಾಕ್ಟರು ಹೇಳಿದ ವ್ಯಾಯಾಮ ಬಹಳ ಸರಳ: ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ದಿನ ನಾಲ್ಕು ಸಲಕ್ಕೇ ಸುಸ್ತು. ಆದರೆ ಉಳಿದ ಶ್ರಾವಣ ಸೋಮವಾರಗಳ ನೇಮ? ಅದನ್ನೂ ಅಕ್ಕನೇ ಬಗೆಹರಿಸಿಕೊಂಡರು. "ಶಿವಗ ಹೇಳಿಬಿಟ್ಟೇನಿ. ಈ ವರ್ಷ ಹೊಟ್ಟಿ ಖಾಲಿ ಇಡೂದಿಲ್ಲಪ್ಪಾ, ಅದರ ಬದಲಿ ಎದ್ದು ಕೂತು ನಿನ್ನ ಹೆಸರು ಹೇಳ್ತೀನಿ ಅಂತ." ಒಂದು ಸಲ ಎದ್ದರೆ ಒಂದು 'ಓಂ ನಮಃ ಶಿವಾಯ'. ಮನೋಹರ ಪಕ್ಕದಲ್ಲಿ ನಿಂತು ಎಣಿಸುತ್ತಿದ್ದರು. ಹತ್ತಾಯಿತು, ಹದಿನೈದಾಯಿತು, ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮೂವತ್ತು! ತೂಕದ ಫೋಟೊ ಬರುವುದು ನಿಂತಿತು. ಅದರ ಬದಲು ವಿಡಿಯೊ ಬರತೊಡಗಿತು. ತೂಕ ಮೊದಲಿಗಿಂತ ನಿಧಾನವಾಗಿ ಇಳಿಯುತ್ತಿತ್ತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಅಕ್ಟೋಬರ್ ಡ್ರಿಲ್ ದಿನ ಸಹಾಯಕ್ಕೆ ಬೇಕಾದ ಪೋಷಕರ ಪಟ್ಟಿಯಲ್ಲಿ ನನ್ನ ಹೆಸರನ್ನು ನಾನೇ ಬರೆದುಕೊಂಡೆ. ರಾತ್ರಿ ನಿದ್ದೆ ಬಂದಿದ್ದರೆ ಕೇಳಿ! ಹತ್ತು ಮುಕ್ಕಾಲಿಗೆ ಗಂಟೆ ಹೊಡೆಯಿತು. ಮಕ್ಕಳೆಲ್ಲ ಇಲಿಮರಿಗಳ ಹಾಗೆ ಮೇಜಿನಡಿ ನುಗ್ಗಿದವು. ಅಕ್ಕ ಇಳಿದರು, ಒಂದು ಕೈ ತಲೆಯ ಮೇಲೆ, ಇನ್ನೊಂದು ಕೈ ಮೇಜಿನ ಕಾಲಿಗೆ. ಮಾನ್ಯ ಅವರ ಪಕ್ಕಕ್ಕೆ ತೂರಿಕೊಂಡಳು. "ಆರ್ ಯೂ ಸ್ಕೇರ್ಡ್, ಆಂಟಿ?" ಎಂದಳು. "ಹೂಂ ಪುಟ್ಟಿ, ಭಾಳ" ಎಂದರು ಅಕ್ಕ. ಅವರ ಹೆದರಿಕೆ ಭೂಕಂಪದ್ದಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಡ್ರಿಲ್ ಮುಗಿಯಿತೆಂದು ಎರಡನೇ ಗಂಟೆ ಹೊಡೆಯಿತು. ಮಕ್ಕಳು ಪುಟಪುಟನೆ ಹೊರಬಂದವು. ಫಿಯೋನಾ ಕೈಯಲ್ಲಿ ಪೆನ್ನು ಹಿಡಿದು ನಿಂತಿದ್ದಳು. ಅಕ್ಕ ಮೇಜಿನಡಿಯಿಂದ ಜರುಗಿ ಹೊರಬಂದರು. ಒಂದು ಮಂಡಿ ಊರಿದರು. ಇನ್ನೊಂದು ಪಾದ ಮುಂದಿಟ್ಟರು. ಅರ್ಧಕ್ಕೆ ಬಂದು ಅಲುಗಾಡಿದರು, ಒಬ್ಬ ಟೀಚರ್ ಕೈ ಚಾಚಿದಳು. "ಬ್ಯಾಡ!" ಎಂದರು ಅಕ್ಕ, ಅಪ್ಪಟ ಗದಗಿನ ಕನ್ನಡದಲ್ಲಿ. ಅವಳಿಗೆ ಏನು ತಿಳಿಯಿತೋ, ಕೈ ಹಿಂದೆ ತೆಗೆದುಕೊಂಡಳು. ಅಕ್ಕನ ತುಟಿ ಅಲ್ಲಾಡಿತು, ಓಂ ನಮಃ ಶಿವಾಯ. ಎದ್ದು ನಿಂತರು. ಎದ್ದೇ ನಿಂತರು!

"ಆಂಟಿ ಗಾಟ್ ಅಪ್!" ಎಂದು ಮಾನ್ಯ ಕಿರುಚಿದಳು. ಇಡೀ ಕೋಣೆ ಚಪ್ಪಾಳೆ. ಫಿಯೋನಾ ಟಿಕ್ ಹಾಕಿ ಕಣ್ಣೊರೆಸಿಕೊಂಡಳು. ನಾನಂತೂ ನಾಚಿಕೆ ಬಿಟ್ಟು ಗಳಗಳನೆ ಅತ್ತೆ.

ಅಕ್ಕ ಏನು ಮಾಡಿದರು ಗೊತ್ತೆ? ನೆಟ್ಟಗೆ ಚಾಪೆಗೆ ನಡೆದು ಮತ್ತೆ ನೆಲದ ಮೇಲೆ ಕೂತುಬಿಟ್ಟರು. "ಎದ್ದೇನಲ್ಲ? ಈಗ ನನ್ನ ಖುಷಿಗೆ ಕುಂಡ್ರತೀನಿ. ಬಾ ತಂಗಿ, ನೀನೂ ಕುಂಡ್ರ ಬಾ." ಕುರ್ಚಿ ಖಾಲಿ ಉಳಿಯಿತು. ಮಾನ್ಯ ಮಡಿಲು ಹಿಡಿದಳು, ಉಳಿದವರು ಜಗಳ ಶುರು ಮಾಡಿದರು. ನಾನೂ ಕೂತು ಕಥೆ ಪೂರ್ತಿ ಕೇಳಿದೆ.

ಅಂಗಡಿಗೆ ಹೊತ್ತಾಯಿತೆಂದು ಏಳಲು ಹೋದೆ. ಮೂವತ್ತಾರು ವರ್ಷ ನನಗೆ, ತೂಕವೂ ಸರಿಯಾಗಿದೆ. ಒಮ್ಮೆ ಒತ್ತಿದೆ, ಕಾಲು ಮಾತು ಕೇಳಲಿಲ್ಲ. ಇನ್ನೊಮ್ಮೆ ಒತ್ತಿದೆ. ಮೇಜು ದೂರದಲ್ಲಿತ್ತು. ಅಕ್ಕ ಮಾನ್ಯಳನ್ನು ಪಕ್ಕಕ್ಕೆ ಇಳಿಸಿ, ತಾವು ಎದ್ದು ನಿಂತು ನನ್ನತ್ತ ಕೈ ಚಾಚಿದರು.

"ಹಿಡಿಯವಾ, ನಾ ಎಬ್ಬಸ್ತೀನಿ."