ಮೂರನೆಯ ಕಮಾನು

ನಿಜಾಮರ ಕಾಲದ ಆ ಕೋರ್ಟಿನ ಗೋಡೆ ಎರಡು ಮೊಳ ದಪ್ಪ. ಒಳಗೆ ಆಡಿದ ಮಾತು ಒಳಗೇ ಉಳಿಯುತ್ತದೆ. ಕಟ್ಟಿದವರಿಗೆ ಇದು ಗೊತ್ತಿತ್ತೋ ಏನೋ, ಮುಂದೆ ಐದು ಕಮಾನಿನ ಪಡಸಾಲೆ ಇಟ್ಟಿದ್ದಾರೆ. ಮೂರನೆಯ ಕಮಾನಿನಡಿ ನಿಂತು ಕೂಗಿದರೆ, ಗಾರೆಯ ಗುಂಡು ಛಾವಣಿ ಆ ದನಿಯನ್ನು ಅಂಗಳದಾಚೆಯ ಬೇವಿನ ಮರಕ್ಕೆ ಮುಟ್ಟಿಸುತ್ತದೆ. ಕಕ್ಷಿದಾರರು ಕಾಯುವುದು ಆ ಮರದ ನೆರಳಿನಲ್ಲಿ. ಹೆಸರು ಕೂಗುವ ಜವಾನನಾಗಿ ಕೆಲಸಕ್ಕೆ ಸೇರಿದ ದಿನವೇ ಹಿರಿಯ ಜವಾನರು ನಬೀಸಾಬನಿಗೆ ಆ ಜಾಗ ತೋರಿಸಿದ್ದರು. ಇಪ್ಪತ್ತೆಂಟು ವರ್ಷ ಅಲ್ಲೇ ನಿಂತು ಅವನು ಒಂದೊಂದು ಹೆಸರನ್ನೂ ಮೂರು ಸಲ ಕೂಗಿದ್ದ.

ಯುಗಾದಿ ಮುಗಿದ ಮೇಲಿನ ಒಂದು ಮಧ್ಯಾಹ್ನ ಪಡಸಾಲೆಯ ಕಲ್ಲು ಕಾದು ಹಂಚಾಗಿತ್ತು. ನಬೀಸಾಬ್ ಹೊರಗೆ ಬರಲಿಲ್ಲ. ಒಳಗೆ ಫ್ಯಾನಿನ ಕೆಳಗೇ ನಿಂತು ಕೂಗಿದ.

"ಯಂಕಮ್ಮ ಗಂಡ ಗದ್ದೆಪ್ಪ, ಗೊರೇಬಾಳ!"

ಮೂರು ಸಲ. ಯಾರೂ ಬರಲಿಲ್ಲ. ಆಕೆಯ ವಕೀಲರೂ ಅಂದು ಬೇರೆ ಊರಿನಲ್ಲಿದ್ದರು. ಹೊಲಕ್ಕೆ ಹೋಗುವ ದಾರಿಗಾಗಿ ಯಂಕಮ್ಮ ಹಾಕಿದ್ದ ದಾವೆ ಗೈರುಹಾಜರಿಯಿಂದ ವಜಾ ಆಯಿತು.

ಸಂಜೆ ಆಕೆ ಮರದಡಿಯಿಂದ ಎದ್ದು ನಬೀಸಾಬನ ಬಳಿ ಬಂದಳು. "ಯಪ್ಪಾ, ನನ್ನ ಹೆಸರು ಯಾವಾಗ ಬರ್ತೈತ್ರಿ?"

"ಕರದು ಆತಲ್ಲಬೇ! ಕಿವಿ ಎಲ್ಲಿ ಇಟ್ಟಿದ್ದಿ? ಬುತ್ತಿಗಂಟಿನ್ಯಾಗ ಕಟ್ಟಿದ್ದೇನು?"

ಸುತ್ತಲಿದ್ದವರು ನಕ್ಕರು. ಯಂಕಮ್ಮನೂ ನಕ್ಕು, ಸೆರಗಿನಿಂದ ಕಿವಿ ಒರೆಸಿಕೊಂಡಳು.

ಅಂದಿನಿಂದ ನಬೀಸಾಬ್ ಬಿಸಿಲೆಷ್ಟಿದ್ದರೂ ಮೂರನೆಯ ಕಮಾನಿನಡಿಗೇ ಹೋಗಿ ಕೂಗತೊಡಗಿದ. ಮೂರು ಸಲ ಕೂಗಿದ್ದೇನೆ, ಅದರಲ್ಲಿ ಸುಳ್ಳಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡಷ್ಟೂ ಮೈ ಕುಗ್ಗುತ್ತಿತ್ತು.

ಜೂನಿನಲ್ಲಿ, ದಾವೆಯನ್ನು ಮತ್ತೆ ತೆಗೆದುಕೊಳ್ಳಿ ಎಂಬ ಅರ್ಜಿ ವಿಚಾರಣೆಗೆ ಬಂತು. ಯಂಕಮ್ಮ ನ್ಯಾಯಾಧೀಶರಿಗೆ ಕೈಮುಗಿದಳು. "ನನಗ ಕಿವಿ ಮಂದ ಆಗ್ಯಾವರಿ ಸಾಹೇಬ್ರ. ತಪ್ಪು ನಂದ."

"ಡಾಕ್ಟರ ಚೀಟಿ ಎಲ್ಲೈತಿ?" ಎಂದರು ಎದುರಿನ ವಕೀಲರು.

ಆಕೆಯ ಬಳಿ ಚೀಟಿ ಇರಲಿಲ್ಲ. ಅರ್ಜಿಯೂ ಬಿದ್ದುಹೋಗುವುದರಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ನಬೀಸಾಬನ ಕಾಲುಗಳು ತಾವಾಗಿ ಮುಂದೆ ಬಂದವು. ಊರಿಗೇ ಕೇಳುತ್ತಿದ್ದ ದನಿ ಅಂದು ಮೇಜಿನವರೆಗೂ ಸರಿಯಾಗಿ ಮುಟ್ಟಲಿಲ್ಲ.

"ಆಕಿ ಕಿವಿ ಸರಿ ಅದಾವ್ರಿ ಸಾಹೇಬ್ರ. ನಾನ ಬಿಸಿಲಿಗೆ ಅಂಜಿ ಒಳಗ ನಿಂತು ಕೂಗೀನಿ."

ದಾವೆಗೆ ಮತ್ತೆ ಜೀವ ಬಂತು. ನಬೀಸಾಬನ ಕೈಗೆ, ಕೆಲಸದಲ್ಲಿ ತಪ್ಪಿದ್ದಕ್ಕೆ ಕಾರಣ ಕೇಳುವ ನೋಟಿಸು ಬಂತು. ಅದು ಅವನಿಗೆ ಭಾರವೆನಿಸಲಿಲ್ಲ. ಯಂಕಮ್ಮ ಹೊರಗೆ ಬಂದಾಗ, ಬೈಯಲಿ ಎಂದು ತಲೆ ತಗ್ಗಿಸಿ ಪಡಸಾಲೆಯಲ್ಲಿ ನಿಂತ. ಆಕೆ ಬೈಯಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಧಾನವಾಗಿ ಅಂದಳು:

"ಎರಡು ತಿಂಗಳಿಂದ ದಿನಾ ಕಿವ್ಯಾಗ ಬಳ್ಳೊಳ್ಳಿ ಎಣ್ಣಿ ಬಿಟ್ಕೊಳ್ಳಾಕತ್ತೀನಲ್ಲರಿ, ಯಪ್ಪಾ."