ಒಣಗದ ಕುಲಾವಿ

ವಠಾರದ ಕೊನೇ ಮನೆಯ ಅಜ್ಜಿಯ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಗಿತ್ತು, ತಿಕ್ಕಿ ತಿಕ್ಕಿ ನುಣುಪಾದಂತಿತ್ತು. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಆಕೆ ನೋಡುತ್ತಿದ್ದುದು ಆ ಕೆನ್ನೆಗೆ ಒತ್ತಿಕೊಂಡೇ. ಕೈಯನ್ನು ನಂಬುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಮದ್ದೂರಿನ ಆ ವಠಾರದಲ್ಲಿ ಬಾಡಿಗೆಗಿದ್ದೆವು. ಮಳೆಗಾಲದಲ್ಲಿ ನನ್ನ ಮಗಳು ತಿಂಗಳು ತುಂಬುವ ಮೊದಲೇ ಹುಟ್ಟಿದಳು. ಅಂಗೈಯಗಲದ ಕೂಸು. ಮೈ ಬೆಚ್ಚಗಿರಬೇಕು, ಒದ್ದೆ ತಾಕಿದರೆ ಉಳಿಯುವುದು ಕಷ್ಟ ಎಂದು ಮಂಡ್ಯದ ಡಾಕ್ಟರು ಹೇಳಿ ಕಳಿಸಿದ್ದರು. ಮೊದಲ ಕೂಸನ್ನು ಕಳೆದುಕೊಂಡಿದ್ದ ನನಗೆ ಜೀವ ಬಾಯಿಗೆ ಬಂದಂತಾಗಿತ್ತು. ಅಜ್ಜಿ ಯಾರೂ ಕರೆಯದೆಯೇ ಬಂದು ಬಟ್ಟೆ ಒಣಗಿಸುವ ಕೆಲಸ ವಹಿಸಿಕೊಂಡಳು. ಅಗ್ಗಿಷ್ಟಿಕೆಯ ಕೆಂಡಕ್ಕೆ ಬೂದಿ ಮುಚ್ಚಿ, ಮೇಲೆ ಬಿದಿರಿನ ಕುಕ್ಕೆ ಬೋರಲು ಹಾಕಿ, ಅದರ ಮೇಲೆ ಹಳೇ ಪಂಚೆಯ ತುಂಡುಗಳನ್ನು ಹರಡುತ್ತಿದ್ದಳು. ರೇಷ್ಮೆಗೆ ನೆರಳು ಸಾಕು, ಉಣ್ಣೆಯನ್ನು ನೇತು ಹಾಕಬಾರದು ಎನ್ನುತ್ತಿದ್ದಳು. ನನ್ನ ನೈಲಾನ್ ಸೀರೆಯನ್ನಂತೂ ಕೆಂಡದ ಹತ್ತಿರ ಸೇರಿಸುತ್ತಿರಲಿಲ್ಲ, ಕರಗಿಹೋದೀತು ಎಂದು ಬೈಯುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಕೂಸಿನ ಒಂದು ಚಿಂದಿಯೂ ಹೊರಗೆ ಇರಕೂಡದು ಎಂಬುದು ಆಕೆಯ ದೊಡ್ಡ ಕಟ್ಟಳೆ. ಓದಿದವಳಾದ ನಾನು ಒಳಗೊಳಗೇ ನಗುತ್ತಿದ್ದೆ.

ಒಂದು ಸಂಜೆ ನಮ್ಮ ಯಜಮಾನರು ತಂತಿಯ ಮೇಲೆ ಹಾಕಿದ ಕೂಸಿನ ಉಣ್ಣೆಯ ಕುಲಾವಿ ಅಲ್ಲೇ ಉಳಿದುಹೋಯಿತು. ಮಬ್ಬುಗತ್ತಲಲ್ಲಿ ಅಜ್ಜಿಯೇ ತಂದು ಕುಕ್ಕೆಯ ಅಂಚಿಗೆ ಮಲಗಿಸಿದಳು. ಪಕ್ಕದ ಬಟ್ಟೆಗಳೆಲ್ಲ ಗರಿಗರಿಯಾದವು. ಕುಲಾವಿಯಿಂದ ಮಾತ್ರ ಹಬೆ ಏಳುತ್ತಲೇ ಇತ್ತು. ಅಜ್ಜಿ ಅದನ್ನು ಕೆನ್ನೆಗೆ ಒತ್ತಿ ನೋಡಿ ನನ್ನತ್ತ ಚಾಚಿದಳು. ನಾನೂ ಮುಟ್ಟಿದೆ. ಕೆಂಡದ ಮೇಲಿದ್ದದ್ದು ಹೊಳೆಯ ನೀರಿನಷ್ಟು ತಣ್ಣಗಿತ್ತು.

"ಯಾವ್ದೋ ಕೂಸು ಆಕ್ಕಂಡದೆ ಕಣಮ್ಮ," ಎಂದಳು. "ಕಿತ್ಕಂಡ್ರೆ ಅಳ್ತದೆ. ನಿನ್ ಮಗೀಗೆ ಬ್ಯಾಡ ಬುಡು, ನಾನ್ ಮಡಿಕತೀನಿ."

ಆಕೆಯ ಒಂದೇ ಮಗು ಶಿಂಷಾ ಹೊಳೆಯಲ್ಲಿ ಹೋಗಿತ್ತೆಂದು ವಠಾರದವರು ಆಮೇಲೆ ಹೇಳಿದರು.

ನನ್ನ ಮಗಳು ಉಳಿದಳು. ಅಜ್ಜಿಯ ಕುಕ್ಕೆಯ ಮೇಲೆ ಬೇಸಿಗೆಯಲ್ಲೂ ಸಂಜೆ ಸಂಜೆ ಆ ಕುಲಾವಿ ಇರುತ್ತಿತ್ತು. ಒಣಗಿತೇ ಎಂದು ಕೇಳಿದರೆ ಇನ್ನೂ ಇಲ್ಲ ಎನ್ನುವಳು. ಮುಖದಲ್ಲಿ ಬೇಸರವಿರುತ್ತಿರಲಿಲ್ಲ, ಸಂತೋಷವೇ ಇರುತ್ತಿತ್ತು. ನನಗೆ ಭಯವಾಗುತ್ತಿದ್ದುದು ಅದಕ್ಕೇ.

ಮಗಳು ಸ್ಕೂಲಿಗೆ ಸೇರಿದ ವರ್ಷ ಅಜ್ಜಿ ತೀರಿಕೊಂಡಳು. ಆಕೆಯ ಮನೆ ಖಾಲಿ ಮಾಡುವಾಗ ಕುಲಾವಿ ಸಿಕ್ಕಿತು. ಹೊಲಿಗೆ ಬಿಚ್ಚಿ, ಬೇರೆ ಬೇರೆ ಬಣ್ಣದ ಉಣ್ಣೆಯ ಪಟ್ಟಿ ಕೂಡಿಸುತ್ತ ಕೂಡಿಸುತ್ತ ದೊಡ್ಡದು ಮಾಡಿದ್ದಳು. ಮಗಳ ತಲೆಯ ಪಕ್ಕ ಹಿಡಿದು ನೋಡಿದೆ, ಅದೇ ಅಳತೆ. ತೊಡಿಸಲು ಧೈರ್ಯ ಬರಲಿಲ್ಲ. ನನ್ನ ಕೂಸು ಉಳಿಯಲೆಂದು ಆಕೆ ಇಟ್ಟುಕೊಂಡದ್ದನ್ನು ಬಿಸಾಡಲೂ ಮನಸ್ಸಾಗಲಿಲ್ಲ.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಅದನ್ನು ಕುಕ್ಕೆಯ ಮೇಲೆ ಹರಡುವವಳು ನಾನೇ. ಕೆನ್ನೆಗೆ ಒತ್ತಿ ನೋಡುತ್ತೇನೆ, ಇನ್ನೂ ಹಸಿ. ಅಜ್ಜಿ ಹೋದ ಮರುವರ್ಷ ಚಳಿಗಾಲದಲ್ಲಿ, ಒಳಗಿನ ತಲೆ ಬೆಳೆದಂತೆ, ಕಿವಿಯ ಹತ್ತಿರ ಹೊಲಿಗೆ ಬಿಗಿದು ಬಿರಿದಿತ್ತು. ಯಾರಿಗೂ ಹೇಳದೆ ನಾನೂ ಒಂದು ಪಟ್ಟಿ ಕೂಡಿಸಿದೆ.