ಮಾಯವಾಗುವ ಹುಡುಗಿಯ ಪಾತ್ರ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ದಿನಾ ರಾಯಚೂರಿನಿಂದ ದೇವದುರ್ಗದ ಶಾಲೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬರುವ ಟೀಚರಿಗೆ ಅದು ಇನ್ನೆಲ್ಲಿರಬೇಕು? ಆರನೇ ತರಗತಿಗೆ ಕಾಲಿಟ್ಟ ಮೊದಲ ದಿನವೇ, ನಾನು ಕೇಳದೆ ಯಾರೂ ಪಿಟ್ಟೆನ್ನಕೂಡದು ಎಂದು ತಾಕೀತು ಮಾಡಿದ್ದೆ. ಮಧ್ಯಾಹ್ನದ ಊಟದ ಹೊತ್ತಿಗೆ ಮಕ್ಕಳೆಲ್ಲ ಅದನ್ನು ಮರೆತರು. ಕಿಟಕಿ ಪಕ್ಕದ ಒಬ್ಬ ಹುಡುಗಿ ಮಾತ್ರ ಮರೆಯಲಿಲ್ಲ. ಹಾಜರಿಗೆ ಕೈಯೆತ್ತುವುದು ಬಿಟ್ಟರೆ ಅವಳದು ಸದ್ದೇ ಇಲ್ಲ. ಮನೆಯಲ್ಲಿ ಉರ್ದು ಆಡುತ್ತಾರೆ, ಪಾಪ, ಕನ್ನಡ ಬರುವುದಿಲ್ಲವೇನೋ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ವಾರ್ಷಿಕೋತ್ಸವಕ್ಕೆ ಒಂದು ನಾಟಕ ಬರೆದೆ. ಮಾಯಾಶಕ್ತಿಯ ಮಕ್ಕಳದೇ ಒಂದು ಶಾಲೆ. ಕಲ್ಲಿನ ರಾಕ್ಷಸನೊಬ್ಬ ಅದರ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಾನೆ, ಮಕ್ಕಳು ಅದನ್ನು ಬಿಡಿಸಿಕೊಳ್ಳಬೇಕು. ಒಬ್ಬನಿಗೆ ಹಾರುವ ಶಕ್ತಿ ಕೊಟ್ಟೆ, ಒಬ್ಬಳಿಗೆ ಆಡುಗಳ ಜೊತೆ ಮಾತಾಡುವ ಶಕ್ತಿ, ಇನ್ನೊಬ್ಬನಿಗೆ ಕೂತಲ್ಲಿಂದಲೇ ಶಾಲೆ ಬಿಡುವ ಗಂಟೆ ಬಾರಿಸುವ ಶಕ್ತಿ. ಕಿಟಕಿ ಪಕ್ಕದವಳಿಗೆ ಮಾಯವಾಗುವ ಶಕ್ತಿ. ಮಾತಿಲ್ಲ, ವೇಷವಿಲ್ಲ, ಪರದೆಯ ಹಿಂದೆ ನಿಂತರೆ ಸಾಕು. ಅವಳಿಗೆ ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಅವಳು ಸುಮ್ಮನೆ ತಲೆಯಾಡಿಸಿದಳು.

ನಾಟಕಕ್ಕೆ ಒಂದು ವಾರವಿದ್ದಾಗ, ರಜೆಯ ದಿನ ಮಾನ್ವಿಯ ಅಕ್ಕನ ಮನೆಗೆ ಹೋಗಿದ್ದೆ. ಬಳೆ ತೊಡಿಸಿಕೊಳ್ಳೋಣ ಎಂದು ಸಂತೆಗೆ ಹೊರಟರೆ, ಬಳೆಯವರ ಸಾಲಿನಲ್ಲಿ ಒಂದು ಜೋರು ದನಿ. ನೋಡಿದರೆ ನಮ್ಮ ಹುಡುಗಿ! ಊರೂರಿನ ಸಂತೆಗೆ ಬಳೆ ಮಾರಲು ಹೋಗುವ ಅಮ್ಮನ ಪಕ್ಕ ಕೂತು ಒಬ್ಬ ಹೆಂಗಸಿಗೆ ಬಳೆ ತೊಡಿಸುತ್ತ, ಅವರ ಎಮ್ಮೆ ಈದ ಸುದ್ದಿಯನ್ನು ಕನ್ನಡದಲ್ಲಿ ವಿಚಾರಿಸುತ್ತಿದ್ದಾಳೆ. ಮುಂದಿನವರ ಜೊತೆ ತೆಲುಗು. ನಡುನಡುವೆ ಅಮ್ಮನೊಂದಿಗೆ ಮನೆಮಾತಿನಲ್ಲಿ ಜಗಳ. ನನ್ನನ್ನು ಕಂಡದ್ದೇ ತಡ, ಗಪ್ ಆದಳು.

ಅಮ್ಮ ನನ್ನ ಕೈ ಹಿಡಿದರು. "ಬಿಗಿ ಹಿಡಿಬ್ಯಾಡ್ರೀ ಟೀಚರ್, ಬಳಿ ಒಡಿತಾವ. ಮಾತಾಡಿಸ್ಕೋತ ಹಾಕಿದ್ರ ಕೈ ತಾನ ಸಡ್ಲ ಆಗ್ತದ. ಈ ಕೆಲಸದಾಗ ನನಗಿಂತ ಈಕಿನ ಶಾಣ್ಯಾಕಿ." ಆಮೇಲೆ ದನಿ ತಗ್ಗಿಸಿದರು. "ನಾಟಕದ ದಿನ ಯಾಪಾರ ಬಿಟ್ಟು ಬರ್ತೀನ್ರೀ. ಆದ್ರ ಈಕಿ ಯಾರಿಗೂ ಕಾಣಂಗಿಲ್ಲಂತಲ್ರೀ? ನಾ ಬಂದು ಏನ್ ನೋಡ್ಲಿ?"

ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಸಿಟ್ಟೂ ಬಂತು, ಈ ಸಲ ನನ್ನ ಮೇಲೆಯೇ. ವರ್ಷವಿಡೀ ನನ್ನ ಕಣ್ಣೆದುರೇ ಮಾಯವಾಗಿದ್ದವಳಿಗೆ ಅದನ್ನೇ ವರವೆಂದು ಕೊಟ್ಟಿದ್ದೆನಲ್ಲ!

"ಇಷ್ಟೆಲ್ಲಾ ಮಾತು ಬರ್ತದಂತ ನನಗ್ಯಾಕ ಹೇಳಲಿಲ್ಲ ಬೇ?" ಎಂದೆ ಹುಡುಗಿಗೆ.

"ನೀವು ಕೇಳಲಾರ್ದ ಮಾತಾಡಬಾರ್ದು ಅಂದಿದ್ರಿ. ನೀವು ಕೇಳಲೇ ಇಲ್ರೀ."

"ಈಗ ಕೇಳಾಕತ್ತೀನಿ. ನಿನಗ ಯಾವ ಶಕ್ತಿ ಬೇಕು?"

ಅವಳು ಅಮ್ಮನ ಹಿಡಿತದಲ್ಲಿ ಇನ್ನೂ ಬಿಗಿಯಾಗಿಯೇ ಇದ್ದ ನನ್ನ ಕೈ ನೋಡಿದಳು. "ಮುಷ್ಟಿ ಬಿಡಸೋದು ನನಗ ಬರ್ತದ್ರೀ."

ಊರಿಗೆ ಮರಳುವ ಬಸ್ಸಿನಲ್ಲೇ ಕೊನೆಯ ದೃಶ್ಯ ಬದಲಿಸಿದೆ. ರಾಕ್ಷಸನ ಪಾತ್ರಕ್ಕೆ ಮಕ್ಕಳು ಒಕ್ಕೊರಲಿನಿಂದ ನನ್ನನ್ನೇ ಆರಿಸಿದರು. "ನಿಮ್ಮಂಗ ಸಿಟ್ಟು ಮಾಡಾಕ ನಮಗ್ಯಾರಿಗೂ ಬರಂಗಿಲ್ರೀ" ಎಂಬುದು ಅವರ ವಾದ. ಒಪ್ಪಿಕೊಂಡೆ.

ನಾಟಕದ ದಿನ ಹಾರುವವನು ಹಾರಿದ, ಆಡುಗಳು ಬಂದವು, ಗಂಟೆಯೂ ಮೊಳಗಿತು. ನನ್ನ ಮುಷ್ಟಿ ಜಪ್ಪಯ್ಯ ಎನ್ನಲಿಲ್ಲ. ಆಗ ಅವಳು ಪರದೆ ಸರಿಸಿ ಮುಂದೆ ಬಂದಳು. ನಾನು ಬರೆದುಕೊಟ್ಟ ಮಾತನ್ನು ಪಕ್ಕಕ್ಕಿಟ್ಟು, ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೇಳಿದಳು: "ಇವತ್ತರ ಬಸ್ಸಿನಾಗ ಸೀಟ್ ಸಿಕ್ತೇನ್ರೀ ಟೀಚರ್?" ಜನ ಗೊಳ್ಳೆಂದರು. ತೆಲುಗಿನಲ್ಲಿ ಊಟವಾಯಿತೇ ಎಂದಳು. ತನ್ನ ಮನೆಮಾತಿನಲ್ಲಿ ಮತ್ತೇನೋ ಕೇಳಿದಳು. ಅದು ನನಗೆ ತಿಳಿಯದಿದ್ದರೂ ದನಿಯಲ್ಲಿದ್ದ ಕಕ್ಕುಲಾತಿ ತಿಳಿಯಿತು. ಎಷ್ಟೋ ವರ್ಷಗಳಿಂದ ಯಾರೂ ನನ್ನನ್ನು ಹಾಗೆ ವಿಚಾರಿಸಿರಲಿಲ್ಲ. ಮುಷ್ಟಿ ಯಾವಾಗ ಬಿಚ್ಚಿಕೊಂಡಿತೋ, ಕೀಲಿಕೈ ಅವಳ ಅಂಗೈಯಲ್ಲಿತ್ತು. ಆ ಪುಟ್ಟ ಕೈಗಳಿಗೆ ನಾನು ಇಂದಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮುಂದಿನ ಸಾಲಿನಲ್ಲಿ ಅವಳಮ್ಮ ಎದ್ದು ನಿಂತಿದ್ದರು. "ಕಾಣಾಕತ್ತಾಳ್ರೀ, ನನ್ನ ಮಗಳು ಕಾಣಾಕತ್ತಾಳ!" ಎಂದು ಅಕ್ಕಪಕ್ಕದವರಿಗೆಲ್ಲ ಕೂಗಿ ಕೂಗಿ ಹೇಳುತ್ತಿದ್ದರು.